ತೊಟ್ಟಿಲಿನಿಂದ ಊರುಗೋಲಿನವರೆಗೆ

ಚರಿತ್ರೆ, ಅರ್ಥಶಾಸ್ತ್ರ, ಕನ್ನಡಗಳನ್ನು ಐಚ್ಛಿಕವಾಗಿ ತೆಗೆದುಕೊಂಡು ಓದುತ್ತಿರುವ ಬಿ.ಎ. ವಿದ್ಯಾರ್ಥಿಯೊಬ್ಬ ನಾಡಿ, ಉಸಿರು, ರಕ್ತದ ಒತ್ತಡಗಳ ವಿಚಾರವಾಗಿ ಲೇಖನ ಬರೆಯಹೊರಟರೆ, 'ಇವನಿಗೇಕೆ ಈ ಉಸಾಬರಿ?' ಎಂದು ಅಧ್ಯಾಪಕರೂ ಸಹಪಾಠಿಗಳೂ ಕೇಳುವುದು ಸಹಜವೇ. ಆ ಪ್ರಶ್ನೆಗೆ ಉತ್ತರವಾಗಿ ಮೊದಲು ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ಅದರಲ್ಲಿ ನನ್ನ ಪಾತ್ರ ಹೆಮ್ಮೆಪಡುವಂಥದಲ್ಲ. ಆದರೂ ಅದನ್ನು ಹೇಳದೆ ಮುಂದಿನ ಮಾತುಗಳಿಗೆ ಅರ್ಥ ಬಾರದು.

ಕಳೆದ ವರ್ಷ ಅವರೆಕಾಯಿಯ ಕಾಲ. ನಮ್ಮ ಅಜ್ಜಿಗೆ ಆಗ 82 ವರ್ಷ. ಶುಕ್ರವಾರ ಬೆಳಿಗ್ಗೆ ಜಗಲಿಯ ಮೇಲೆ ಕುಳಿತು ಎರಡು ಸೇರು ಅವರೆಕಾಯಿ ಸುಲಿದಳು. ಕಾಯಿ ಮಾರುವವನು ಚಿಲ್ಲರೆಯಲ್ಲಿ ಐದು ರೂಪಾಯಿ ಕಡಿಮೆ ಕೊಟ್ಟದ್ದನ್ನು ತಾನೇ ಕಂಡುಹಿಡಿದು ವಸೂಲು ಮಾಡಿದಳು. ಶನಿವಾರ 'ಬಾಯಿಗೆ ರುಚಿಯಿಲ್ಲ' ಎಂದು ಊಟ ಬಿಟ್ಟಳು. ಅಂದು ಸಂಜೆ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ಹಾಗೆಯೇ ಕುಸಿದು ಕುಳಿತಳು. ನಾನೇ ಎಬ್ಬಿಸಿ ತಂದು ಮಲಗಿಸಿದೆ. ಗಾಯವೇನೂ ಆಗಿರಲಿಲ್ಲವಾದ್ದರಿಂದ ಯಾರಿಗೂ ಹೇಳಲಿಲ್ಲ. ಭಾನುವಾರ ನನ್ನನ್ನು ನೋಡಿ, 'ನೀನು ಯಾರಪ್ಪ?' ಎಂದಳು. ತೀರಿಹೋಗಿ ಹನ್ನೆರಡು ವರ್ಷವಾದ ನಮ್ಮ ತಾತನೊಡನೆ ಮಾತಾಡತೊಡಗಿದಳು. ಅಮ್ಮ ಹಣೆ ಮುಟ್ಟಿ ನೋಡಿದಳು, ಜ್ವರವಿರಲಿಲ್ಲ. 'ಅರವತ್ತಕ್ಕೆ ಅರಳು ಮರಳು ಅಂತಾರೆ, ಎಂಬತ್ತಕ್ಕೆ ಇನ್ನು ಕೇಳಬೇಕೆ?' ಎಂದರು ಪಕ್ಕದ ಮನೆಯವರು. ನಾನೂ ತಲೆಯಾಡಿಸಿ ಪರೀಕ್ಷೆಯ ಓದಿಗೆ ಕುಳಿತೆ.

ಸೋಮವಾರ ಬೆಳಿಗ್ಗೆ ನಮ್ಮ ದೊಡ್ಡಮ್ಮನ ಮಗಳು ಬಂದಳು. ಅವಳು ಸರಕಾರಿ ಆಸ್ಪತ್ರೆಯೊಂದರಲ್ಲಿ ದಾದಿ. ಈಗ ಆ ಹುದ್ದೆಗೆ ಶುಶ್ರೂಷಾಧಿಕಾರಿ ಎಂಬ ಗೌರವದ ಹೆಸರಿದೆ, ನಮ್ಮ ಮನೆಯ ಮಕ್ಕಳಿಗೆ ಮಾತ್ರ ಅವಳು ನರ್ಸಕ್ಕ. ರಾತ್ರಿ ಪಾಳಿ ಮುಗಿಸಿ ಬಂದವಳು, ಅಜ್ಜಿಯನ್ನು ಒಮ್ಮೆ ಮಾತಾಡಿಸಿ, ಹಾಸಿಗೆಯ ಪಕ್ಕದಲ್ಲಿ ಸುಮ್ಮನೆ ಕುಳಿತುಬಿಟ್ಟಳು. ದಣಿದಿದ್ದಾಳೆ ಎಂದುಕೊಂಡೆ. ಆಮೇಲೆ ನೋಡಿದರೆ ಅವಳ ಒಂದು ಕಣ್ಣು ಅಜ್ಜಿಯ ಎದೆಯ ಮೇಲೆ, ಇನ್ನೊಂದು ಕೈಗಡಿಯಾರದ ಮೇಲೆ. ಒಂದು ನಿಮಿಷದ ಬಳಿಕ, 'ಮೂವತ್ತೆರಡು' ಎಂದಳು. ಉಷ್ಣಮಾಪಕ ಇಟ್ಟು ನೋಡಿದಳು, 99 ಡಿಗ್ರಿ.

'ಜ್ವರ ಇಲ್ಲವಲ್ಲ ಅಕ್ಕ?' ಎಂದೆ.

'ಈ ವಯಸ್ಸಿನಲ್ಲಿ ಜ್ವರ ಬರುವುದಕ್ಕೂ ಮೈಯಲ್ಲಿ ತ್ರಾಣ ಬೇಕು ಕಣೋ. ಅದಿರಲಿ, ಶುಕ್ರವಾರ ಹೇಗಿದ್ದಳು, ಅದನ್ನು ಹೇಳು.'

ಅವರೆಕಾಯಿಯ ಕಥೆ ಹೇಳಿದೆ. 'ಶನಿವಾರ?' ಎಂದಳು. ಆಗ ಬಚ್ಚಲ ಬಾಗಿಲಿನ ಸಂಗತಿಯನ್ನೂ ಹೇಳಬೇಕಾಯಿತು. ಅಮ್ಮ ನನ್ನ ಮುಖವನ್ನೇ ನೋಡಿದಳು. ಅಕ್ಕ ಬೈಯಲಿಲ್ಲ. 'ಶುಕ್ರವಾರ ಚಿಲ್ಲರೆ ಲೆಕ್ಕ ಹೇಳಿದವಳು ಭಾನುವಾರ ಮೊಮ್ಮಗನ ಗುರುತು ಮರೆತರೆ ಅದು ಮುಪ್ಪಲ್ಲ, ಕಾಯಿಲೆ. ಗಾಡಿ ಕರೆಸು' ಎಂದಳು. ಅವಳು ಕೆಲಸ ಮಾಡುವ ಆಸ್ಪತ್ರೆಗೇ ಕರೆದೊಯ್ದೆವು. ಮಧ್ಯಾಹ್ನದ ಹೊತ್ತಿಗೆ ಎಕ್ಸ್‌ರೇ ಚಿತ್ರ ಬಂತು. ಬಲಗಡೆಯ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ. ಕೆಮ್ಮಿಲ್ಲ, ಹೆಚ್ಚು ಜ್ವರವಿಲ್ಲ. ಇದ್ದುದು ಬುದ್ಧಿಯ ಕಲಸುಮೇಲೋಗರ, ಒಂದು ಕುಸಿತ, ವೇಗವಾದ ಉಸಿರು, ಇಷ್ಟೆ.

ಅಜ್ಜಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ನಾನು ಅವಳ ಬಳಿ ಕಾವಲಿಗಿದ್ದೆ. ಆಗ ಕಣ್ಣಾರೆ ಕಂಡದ್ದು, ಅಕ್ಕನನ್ನು ಕಾಡಿಸಿ ಕೇಳಿದ್ದು, ಆಮೇಲೆ ಓದಿ ತಿಳಿದುಕೊಂಡದ್ದು, ಇವೇ ಈ ಲೇಖನದ ಬಂಡವಾಳ.

ರೋಗಿಯ ಪರೀಕ್ಷೆ ವೈದ್ಯರ ಕೆಲಸವಲ್ಲವೆ, ದಾದಿ ಮಾಡುವುದೇನು ಎಂಬ ಸಂದೇಹ ನನಗೂ ಇತ್ತು. ವೈದ್ಯರ ಮುಖ್ಯ ಪ್ರಶ್ನೆ 'ಈ ರೋಗ ಯಾವುದು? ಔಷಧ ಯಾವುದು?' ಎಂಬುದು. ದಾದಿಯ ಪ್ರಶ್ನೆ ಸ್ವಲ್ಪ ಬೇರೆ: 'ಈ ಮನುಷ್ಯ ಈಗ ಹೇಗಿದ್ದಾನೆ? ಒಂದು ಗಂಟೆಯ ಹಿಂದೆ ಹೇಗಿದ್ದ? ತನ್ನ ಕೆಲಸಗಳನ್ನು ತಾನು ಎಷ್ಟರಮಟ್ಟಿಗೆ ಮಾಡಿಕೊಳ್ಳಬಲ್ಲ? ಏನಕ್ಕೆ ಹೆದರಿದ್ದಾನೆ?' ವೈದ್ಯರು ದಿನಕ್ಕೆ ಒಂದೆರಡು ಸಲ ಬಂದು ನೋಡಿ ಹೋಗುತ್ತಾರೆ. ಹಗಲೂ ರಾತ್ರಿಯೂ ಹಾಸಿಗೆಯ ಬಳಿ ಇರುವವಳು ದಾದಿ. ಬದಲಾವಣೆ ಮೊದಲು ಕಾಣಬೇಕಾದುದು ಅವಳಿಗೇ. 1854ರಲ್ಲಿ ಕ್ರೈಮಿಯಾ ಯುದ್ಧದ ಗಾಯಾಳುಗಳ ಶುಶ್ರೂಷೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯನ್ನು ಕುರಿತ ಒಂದು ಪುಸ್ತಕವನ್ನು ಬರೆದಳಷ್ಟೆ. ಅದರಲ್ಲಿ ರೋಗಿಯನ್ನು ಗಮನಿಸುವುದು ಹೇಗೆಂಬುದಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾಳೆ.

ಈ ಪರೀಕ್ಷೆಗೆ ಎರಡು ಭಾಗಗಳಿವೆ. ರೋಗಿಯೂ ಮನೆಯವರೂ ಹೇಳಿದ್ದನ್ನು ಕೇಳಿ ತಿಳಿಯುವುದು ಒಂದು, ದಾದಿ ತಾನೇ ಕಂಡು ತಿಳಿಯುವುದು ಇನ್ನೊಂದು. ಕಂಡು ತಿಳಿಯುವುದಕ್ಕೆ ನಾಲ್ಕು ಹಾದಿಗಳು: ನೋಡುವುದು, ಮುಟ್ಟುವುದು, ತಟ್ಟುವುದು, ಆಲಿಸುವುದು. ತಟ್ಟುವುದು ಎಂದರೆ ನಮಗೆ ಹೊಸದೇನಲ್ಲ. ಸಂತೆಯಲ್ಲಿ ಹಲಸಿನ ಹಣ್ಣನ್ನೂ ತೆಂಗಿನಕಾಯನ್ನೂ ತಟ್ಟಿ ನೋಡದೆ ಕೊಳ್ಳುವವರುಂಟೆ? ಆಸ್ಟ್ರಿಯದ ಔಯೆನ್‌ಬ್ರುಗ್ಗರ್ ಎಂಬ ವೈದ್ಯ, ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ ಒಳಗಿನ ಸ್ಥಿತಿಯನ್ನು ತಿಳಿಯುವ ವಿಧಾನವನ್ನು 1761ರಲ್ಲಿ ಪ್ರಕಟಿಸಿದ. ಗಾಳಿ ತುಂಬಿದ ಜಾಗ ಒಂದು ಬಗೆಯಾಗಿ ದನಿಗೊಟ್ಟರೆ, ನೀರೋ ಕೀವೋ ತುಂಬಿದ ಜಾಗ ಮಂಕಾಗಿ ದನಿಗೊಡುತ್ತದೆ. ಆಲಿಸುವುದಕ್ಕೆ ಬಳಸುವ ಸ್ಟೆತಾಸ್ಕೋಪಿನ ಮೂಲ, 1816ರಲ್ಲಿ ಫ್ರಾನ್ಸಿನ ಲೆನೆಕ್ ಎಂಬ ವೈದ್ಯ ಸುರುಳಿ ಸುತ್ತಿದ ಕಾಗದದ ಒಂದು ಕೊಳವೆ. ತೋಳಿಗೆ ಪಟ್ಟಿ ಕಟ್ಟಿ, ಧಮನಿಯ ಸದ್ದು ಹುಟ್ಟುವುದನ್ನೂ ಅಡಗುವುದನ್ನೂ ಆಲಿಸಿ ರಕ್ತದ ಒತ್ತಡವನ್ನು ಅಳೆಯುವ ಕ್ರಮವನ್ನು 1905ರಲ್ಲಿ ತಿಳಿಸಿದವನು ರಷ್ಯದ ಕೊರೊಟ್‌ಕಾಫ್. ಇಂದು ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುವ ಪುಟ್ಟ ಯಂತ್ರವೂ ಇದೆ. 2020 ಮತ್ತು 2021ರ ಕೊರೋನಾ ದಿನಗಳಲ್ಲಿ ಅದು ಅನೇಕರ ಮನೆಗಳಿಗೂ ಬಂದಿತು.

ಆದರೆ ಉಪಕರಣ ಕೊಡುವುದು ಅಂಕಿಯನ್ನು ಮಾತ್ರ. ಆ ಅಂಕಿ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ವಯಸ್ಸು ತಿಳಿಯದೆ ಹೇಳಲು ಬಾರದು. ವಯಸ್ಕನ ನಾಡಿ ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20. ಆಗತಾನೆ ಹುಟ್ಟಿದ ಶಿಶುವಿನ ನಾಡಿ 120ರಿಂದ 160, ಉಸಿರು 30ರಿಂದ 60. ಶಿಶುವಿಗೆ ಸಹಜವಾದ ನಾಡಿ ಸುಮ್ಮನೆ ಕುಳಿತ ನಮ್ಮ ಅಧ್ಯಾಪಕರೊಬ್ಬರಿಗೆ ಬಂದಿತೆಂದರೆ ಅಂದಿನ ಪಾಠ ನಿಲ್ಲಿಸಿ ಅವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದೀತು! ಒಂದೇ ಲಕ್ಷಣ ಒಂದು ವಯಸ್ಸಿನಲ್ಲಿ ಆರೋಗ್ಯ, ಇನ್ನೊಂದರಲ್ಲಿ ರೋಗ. ಇದನ್ನು ತೊಟ್ಟಿಲಿನಿಂದಲೇ ನೋಡುತ್ತ ಬರೋಣ.

ಹೆರಿಗೆ ವಾರ್ಡಿನೊಳಗೆ ನನಗೆ ಪ್ರವೇಶವಿರಲಿಲ್ಲ. ಅಲ್ಲಿಯದನ್ನು ಅಕ್ಕ ಹೇಳಿದಂತೆ ಬರೆಯುತ್ತೇನೆ. ಪರೀಕ್ಷೆಗೆ ಹೆದರುವ ನಾವೆಲ್ಲರೂ ನೆನಪಿಡಬೇಕಾದ ವಿಷಯವೆಂದರೆ, ಮನುಷ್ಯ ಹುಟ್ಟಿದ ಒಂದನೆಯ ನಿಮಿಷಕ್ಕೇ ಹತ್ತು ಅಂಕದ ಒಂದು ಪರೀಕ್ಷೆಗೆ ಕೂರುತ್ತಾನೆ! ನ್ಯೂಯಾರ್ಕಿನಲ್ಲಿ ಅರಿವಳಿಕೆ ವೈದ್ಯೆಯಾಗಿದ್ದ ವರ್ಜೀನಿಯಾ ಆಪ್ಗರ್ ಇದನ್ನು 1952ರಲ್ಲಿ ರೂಪಿಸಿದಳು. ಮೈಬಣ್ಣ, ಹೃದಯದ ಬಡಿತ, ಕೆಣಕಿದರೆ ತೋರುವ ಪ್ರತಿಕ್ರಿಯೆ, ಕೈಕಾಲುಗಳ ಬಿಗಿ, ಉಸಿರಾಟ, ಈ ಐದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಐದನೆಯ ನಿಮಿಷಕ್ಕೆ ಮತ್ತೆ ಪರೀಕ್ಷೆ. ಏಳು ಅಥವಾ ಅದಕ್ಕೆ ಮೇಲ್ಪಟ್ಟರೆ ಸಮಾಧಾನ. ಮೊದಲ ನಿಮಿಷದಲ್ಲಿ ಹತ್ತಕ್ಕೆ ಹತ್ತು ಪಡೆಯುವ ಶಿಶುಗಳು ಕಡಿಮೆ. ಅಂಗೈ ಅಂಗಾಲುಗಳು ಸ್ವಲ್ಪ ನೀಲಿಯಾಗಿರುವುದರಿಂದ ಒಂದು ಅಂಕ ಹೋಗುವುದು ಸಾಮಾನ್ಯ. ಉಸಿರಾಡದ ಶಿಶುವಿಗೆ ಮಾತ್ರ ಅಂಕ ಕೂಡಿಸುತ್ತ ಕೂರುವಂತಿಲ್ಲ, ಕೂಡಲೇ ಉಸಿರು ಕೊಡುವ ಕೆಲಸ ನಡೆಯಬೇಕು.

ಆಮೇಲೆ ತೂಕ. ಎರಡೂವರೆ ಕಿಲೋಗ್ರಾಮಿಗೆ ಕಡಿಮೆಯಾದರೆ ವಿಶೇಷ ಎಚ್ಚರಿಕೆ ಬೇಕು. ಮೊದಲ ವಾರದಲ್ಲಿ ಶಿಶು ಸ್ವಲ್ಪ ತೂಕ ಕಳೆದುಕೊಳ್ಳುತ್ತದೆ. ಹುಟ್ಟಿದ ತೂಕದ ಹತ್ತರಲ್ಲೊಂದು ಭಾಗ ಮೀರದೆ, ಎರಡು ವಾರದೊಳಗೆ ಮತ್ತೆ ಗಳಿಸಿಕೊಂಡರೆ ಚಿಂತೆಯಿಲ್ಲ. ಇದನ್ನು ತಿಳಿಯದ ತಾಯಂದಿರು 'ನನ್ನ ಹಾಲು ಸಾಲದು' ಎಂದು ಹೆದರಿ ಬಾಟಲಿ ಹಾಲಿಗೆ ಕೈಹಾಕುವುದುಂಟು. ಹುಟ್ಟಿದ ಮೊದಲ 24 ಗಂಟೆಗಳೊಳಗೇ ಕಾಮಾಲೆಯ ಹಳದಿ ಕಂಡರೆ ಅದು ಅಪಾಯದ ಸೂಚನೆ. ಎರಡು ಮೂರು ದಿನಗಳ ಮೇಲೆ ಸ್ವಲ್ಪ ಕಂಡು ಮಾಯವಾಗುವುದು ಅನೇಕ ಶಿಶುಗಳಲ್ಲಿ ಸಹಜ. ಶಿಶುವಿನ ಹೊಟ್ಟೆಯನ್ನೂ ಅಂಗಾಲನ್ನೂ ಮುಟ್ಟಿ ನೋಡುವುದೂ ಒಂದು ಪರೀಕ್ಷೆಯೇ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗುವಿಗೆ ಚಳಿ ತಗಲುತ್ತಿದೆ ಎಂದರ್ಥ. ಎರಡೂ ತಣ್ಣಗಾದರೆ ಅಪಾಯ. ಕೂಡಲೇ ತಾಯಿಯ ಎದೆಗೆ ಮೈಗೆ ಮೈ ತಗಲುವಂತೆ ಒರಗಿಸಿ ಹೊದಿಸಿ, ಚಿಕಿತ್ಸೆಗೆ ಒಯ್ಯಬೇಕು. ಎಳೆಯ ಶಿಶುವಿನಲ್ಲಿ ಸೋಂಕು ಜ್ವರವಾಗಿಯೇ ತೋರಬೇಕೆಂದಿಲ್ಲ, ಮೈ ತಣ್ಣಗಾಗುವುದರಿಂದಲೂ ಹಾಲು ಬಿಡುವುದರಿಂದಲೂ ತೋರಬಹುದು. ಇದನ್ನು ಕೇಳಿದಾಗ ನನಗೆ ಅಜ್ಜಿಯ ನೆನಪಾಯಿತು. ಬಾಳಿನ ಎರಡು ತುದಿಗಳಲ್ಲಿಯೂ ರೋಗ ತನ್ನ ಗುರುತುಚೀಟಿಯನ್ನು ಬಚ್ಚಿಟ್ಟುಕೊಂಡೇ ಬರುತ್ತದೆ.

ಶಿಶುವಿನ ಕೆಲವು ನಡತೆಗಳು ಬಹಳ ಸ್ವಾರಸ್ಯವಾದುವು. ತಲೆಗೆ ಕೊಟ್ಟ ಆಸರೆ ತಟ್ಟನೆ ಸಡಿಲಿದಂತಾದರೆ ಅದು ಬೆಚ್ಚಿ ಕೈಗಳನ್ನು ಅಗಲಿಸಿ, ತಬ್ಬುವಂತೆ ಮತ್ತೆ ಮಡಿಸುತ್ತದೆ. ಹೊಸದಾಗಿ ಹುಟ್ಟಿದ ಮಗುವಿನಲ್ಲಿ ಇದು ಇರಲೇಬೇಕು. ಆರು ತಿಂಗಳ ಹೊತ್ತಿಗೆ ಮಾಯವಾಗಲೂ ಬೇಕು. ಅಂಗಾಲನ್ನು ಹಿಮ್ಮಡಿಯಿಂದ ಮೇಲಕ್ಕೆ ಗೀರಿದರೆ ಶಿಶುವಿನ ಹೆಬ್ಬೆರಳು ಮೇಲಕ್ಕೆದ್ದು ಉಳಿದ ಬೆರಳುಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಶಿಶುವಿಗೆ ಅದು ಸಹಜ. ಎರಡು ವರ್ಷ ದಾಟಿದವರಲ್ಲಿ ಹಾಗಾದರೆ ಮೆದುಳಿನಲ್ಲೋ ಬೆನ್ನುಹುರಿಯಲ್ಲೋ ತೊಂದರೆಯಿರುವ ಸೂಚನೆ. ನೆತ್ತಿಯ ಮೆತ್ತನೆಯ ಜಾಗವೂ ಹೀಗೆಯೇ ಮಾತಾಡುತ್ತದೆ. ಅದು ಕುಸಿದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದೂ, ಮಗು ಅಳದೆ ಶಾಂತವಾಗಿರುವಾಗಲೂ ಉಬ್ಬಿದ್ದರೆ ತಲೆಯೊಳಗೆ ಒತ್ತಡ ಹೆಚ್ಚಿದೆ ಎಂದೂ ಶಂಕಿಸಬೇಕು. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಆ ಬಾಗಿಲು ಮುಚ್ಚುತ್ತದೆ.

ಆಸ್ಪತ್ರೆಯಿಂದ ಮನೆಗೆ ಹೋದ ಮೇಲೂ ಈ ಪರೀಕ್ಷೆ ನಿಲ್ಲುವುದಿಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಊರಿನ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೇ ಹೋಗಿ ನೋಡಬೇಕೆಂಬ ನಿಯಮವಿದೆ. ನಮ್ಮ ಬೀದಿಯಲ್ಲಿ ತಕ್ಕಡಿಯ ಚೀಲ ಹಿಡಿದು ಓಡಾಡುವ ಆಕೆಯನ್ನು ನಾನು ಎಷ್ಟೋ ಸಲ ಕಂಡಿದ್ದೆ. ಆಕೆ ಮಾಡುವ ಕೆಲಸ ಇಷ್ಟು ದೊಡ್ಡದೆಂದು ತಿಳಿದಿರಲಿಲ್ಲ.

ಇನ್ನು ಮಕ್ಕಳ ವಾರ್ಡು. ದೊಡ್ಡವರನ್ನು ತಲೆಯಿಂದ ಆರಂಭಿಸಿ ಕಾಲಿನವರೆಗೆ ಕ್ರಮವಾಗಿ ಪರೀಕ್ಷಿಸಬಹುದು. ಮಕ್ಕಳಲ್ಲಿ ಈ ಕ್ರಮ ನಡೆಯದು. ಮಗು ಶಾಂತವಾಗಿರುವಾಗ ಮೊದಲು ದೂರದಿಂದಲೇ ಉಸಿರು ಎಣಿಸಿ, ಬಳಿಕ ಎದೆಯನ್ನು ಆಲಿಸಿಬಿಡಬೇಕು. ಕಿವಿ, ಗಂಟಲು ಮುಂತಾಗಿ ಅಳುವನ್ನು ತರಿಸುವ ಭಾಗಗಳು ಕಟ್ಟಕಡೆಗೆ. ಪರೀಕ್ಷೆಯ ಮೇಜು ಎಂದರೆ ತಾಯಿಯ ತೊಡೆ. ಅಕ್ಕ ಮೂರು ವರ್ಷದ ಹುಡುಗಿಯೊಬ್ಬಳ ಕೈಗೆ ಸ್ಟೆತಾಸ್ಕೋಪು ಕೊಟ್ಟು, 'ಮೊದಲು ನಿನ್ನ ಅಮ್ಮನಿಗೆ ನೋಡಮ್ಮ' ಎಂದಳು. ಆ ಹುಡುಗಿ ಗಂಭೀರವಾಗಿ ತಾಯಿಯ ಮೊಣಕಾಲಿನ ಮೇಲೆ ಅದನ್ನಿಟ್ಟು ಆಲಿಸಿ, 'ಜ್ವರ' ಎಂದಳು. ಅಲ್ಲಿಂದ ಮುಂದೆ ಅವಳ ಎದೆಯನ್ನು ಪರೀಕ್ಷಿಸುವುದಕ್ಕೆ ಯಾವ ತಕರಾರೂ ಬರಲಿಲ್ಲ.

ಮಕ್ಕಳ ಉಸಿರಿನ ವಿಚಾರದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟಿರುವ ಗೆರೆಗಳು ಎಲ್ಲರೂ ತಿಳಿದಿರತಕ್ಕವು. ಕೆಮ್ಮಿನಿಂದಲೋ ಉಸಿರಿನ ಕಷ್ಟದಿಂದಲೋ ನರಳುವ ಮಗುವಿನ ಉಸಿರು, ಎರಡು ತಿಂಗಳೊಳಗಿನ ಶಿಶುವಾದರೆ ನಿಮಿಷಕ್ಕೆ 60 ಅಥವಾ ಅದಕ್ಕೆ ಮೇಲ್ಪಟ್ಟು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಮೇಲ್ಪಟ್ಟು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಮೇಲ್ಪಟ್ಟು ಇದ್ದರೆ ಅದು ವೇಗದ ಉಸಿರು. ನ್ಯುಮೋನಿಯಾ ಇರಬಹುದೆಂದು ತಿಳಿಯಬೇಕು. ಹತ್ತು ತಿಂಗಳ ತಮ್ಮನೂ ಎರಡು ವರ್ಷದ ಅಕ್ಕನೂ ಒಂದೇ ಚಾಪೆಯ ಮೇಲೆ ಮಲಗಿ, ಇಬ್ಬರೂ ನಿಮಿಷಕ್ಕೆ 44 ಸಲ ಉಸಿರಾಡುತ್ತಿದ್ದರೆ, ತಮ್ಮನ ಉಸಿರು ಗೆರೆಯೊಳಗೆ, ಅಕ್ಕನದು ಗೆರೆಯಾಚೆ. ಉಸಿರೆಳೆದುಕೊಳ್ಳುವಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರಂತೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇನ್ನೊಂದು ಮಾತು: ಉಸಿರನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಚುರುಕುತನ ಇಲ್ಲಿ ನಡೆಯದು. ಎಳೆಯ ಶಿಶುಗಳು ಕೆಲವು ಸೆಕೆಂಡು ಉಸಿರನ್ನು ನಿಲ್ಲಿಸಿ, ಮತ್ತೆ ಬೇಗಬೇಗನೆ ಆಡುತ್ತವೆ. ಗಡಿಯಾರದ ಮುಳ್ಳು ಪೂರ್ಣ ಒಂದು ಸುತ್ತು ಬರುವವರೆಗೆ ಎಣಿಸಬೇಕು. ಅಜ್ಜಿಯ ಪಕ್ಕದಲ್ಲಿ ಅಕ್ಕ ಸುಮ್ಮನೆ ಕುಳಿತಂತೆ ನನಗೆ ಕಂಡದ್ದು ಆ ಒಂದು ಪೂರ್ಣ ನಿಮಿಷ.

ಮಗುವಿನ ಬೆಳವಣಿಗೆಯೂ ಪರೀಕ್ಷೆಯ ಭಾಗ. ಸುಮಾರು ಐದು ತಿಂಗಳಿಗೆ ಹುಟ್ಟಿದ ತೂಕದ ಎರಡರಷ್ಟು, ಒಂದು ವರ್ಷಕ್ಕೆ ಮೂರರಷ್ಟು ಆಗಬೇಕು. ಎರಡು ತಿಂಗಳ ಹೊತ್ತಿಗೆ ಮುಖ ನೋಡಿ ನಗಬೇಕು, ನಾಲ್ಕರ ಹೊತ್ತಿಗೆ ಕುತ್ತಿಗೆ ನಿಲ್ಲಬೇಕು. ಆಮೇಲೆ ಕೂರುವುದು, ನಿಲ್ಲುವುದು, ವರ್ಷದ ಆಚೀಚೆ ನಡೆಯುವುದು. ಒಂದು ದಿನದ ತೂಕ ಹೆಚ್ಚೇನನ್ನೂ ಹೇಳದು. ತಿಂಗಳು ತಿಂಗಳೂ ಗುರುತು ಹಾಕಿದ ಚುಕ್ಕೆಗಳನ್ನು ಕೂಡಿಸಿದ ಗೆರೆ ಮೇಲೇರುತ್ತಿದೆಯೋ ಮಲಗಿಬಿಟ್ಟಿದೆಯೋ ಎಂಬುದೇ ಮುಖ್ಯ. ತೂಕದ ಯಂತ್ರವಿಲ್ಲದೆಡೆಯಲ್ಲಿ ಕೆಂಪು, ಹಳದಿ, ಹಸಿರು ಬಣ್ಣದ ಒಂದು ಪಟ್ಟಿ ಸಾಕು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಮೇಲ್ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗೆ ಕಡಿಮೆಯಾಗಿ ಕೆಂಪಿನಲ್ಲಿ ಬಿದ್ದರೆ ಅದು ತೀವ್ರ ಅಪೌಷ್ಟಿಕತೆ. ನೋವು ಎಷ್ಟಿದೆಯೆಂದು ಹೇಳಲಾರದ ಮಕ್ಕಳಿಗೆ ನಗುವ ಮುಖದಿಂದ ಅಳುವ ಮುಖದವರೆಗಿನ ಚಿತ್ರಗಳ ಸಾಲನ್ನು ತೋರಿಸಿ, 'ನಿನ್ನದು ಯಾವುದು?' ಎಂದು ಕೇಳುತ್ತಾರೆ.

ಈಗ ನಮ್ಮ ವಯಸ್ಸಿನವರ ಸರದಿ. ಹದಿಹರೆಯದವರ ಪರೀಕ್ಷೆಯಲ್ಲಿ ಮುಖ್ಯ ಉಪಕರಣ ಮುಚ್ಚಿದ ಬಾಗಿಲು ಎನ್ನುತ್ತಾಳೆ ಅಕ್ಕ. ತಂದೆತಾಯಿಗಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಮಾತಾಡಿಸಿದರೆ ಮಾತ್ರ ನಿಜ ಹೊರಬರುತ್ತದೆ. ಮನೆಯ ವಾತಾವರಣ, ಓದು, ಊಟ, ನಿದ್ರೆ, ಗೆಳೆತನ, ದುಶ್ಚಟ, ಮನಸ್ಸಿನ ಬೇಸರ, ಹೀಗೆ ಸುಲಭವಾದ ಪ್ರಶ್ನೆಗಳಿಂದ ಕಷ್ಟದವುಗಳಿಗೆ ಹೋಗಬೇಕು. ಸಾಯಬೇಕೆನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದಿಲ್ಲವೆ ಎಂದು ಕೇಳಿದೆ. ಹಾಗಾಗುವುದಿಲ್ಲ, ಕೇಳುವವರೊಬ್ಬರು ಸಿಕ್ಕರೆಂಬ ನೆಮ್ಮದಿಯೇ ಬಹುಮಂದಿಗೆ ಆಗುತ್ತದೆ ಎಂದಳು. ಹಾಗೆ ಹೇಳಿಕೊಂಡವರನ್ನು ಮಾತ್ರ ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಹಾಸ್ಟೆಲಿನಲ್ಲಿರುವ ಮಿತ್ರರು ಈ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು.

ನಮ್ಮ ಸಹಪಾಠಿ ಸೋದರಿಯರಲ್ಲಿ ಬೆಳಗಿನ ತಿಂಡಿ ಬಿಟ್ಟು ಬಸ್ಸು ಹಿಡಿದು ಬರುವವರು ಎಷ್ಟು ಮಂದಿ! ದಾದಿ ಕೆಳರೆಪ್ಪೆಯನ್ನು ತುಸು ಎಳೆದು, ಒಳಗಿನ ಕೆಂಪು ಬಿಳಿಚಿದೆಯೇ ನೋಡುತ್ತಾಳೆ. ನಾಲಗೆ, ಉಗುರುಗಳನ್ನೂ ನೋಡುತ್ತಾಳೆ. ಆಮೇಲೆ ರಕ್ತಪರೀಕ್ಷೆ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗೆ ಕಡಿಮೆಯಾದರೆ ರಕ್ತಹೀನತೆ. ಬಸುರಿಯರಿಗೆ ಆ ಗೆರೆ 11. ಬಸುರಿನಲ್ಲಿ ರಕ್ತದ ನೀರಿನಂಶ ಹೆಚ್ಚುವುದರಿಂದ ಈ ವ್ಯತ್ಯಾಸ. ಇಲ್ಲಿಯೂ ಸಹಜವೆಂಬುದು ಸ್ಥಿತಿಗೆ ತಕ್ಕಂತೆ ಜರುಗುತ್ತದೆ. ಬಸುರಿಯ ಪಾದ ಸಂಜೆಗೆ ಸ್ವಲ್ಪ ಊದುವುದು ಸಾಮಾನ್ಯ. ಆದರೆ ಮುಖ, ಕೈಗಳು ಒಮ್ಮೆಗೇ ಊದಿ, ತಲೆನೋವು ಬಂದು, ಕಣ್ಣು ಮಂಜಾಗಿ, ಒತ್ತಡ 140/90 ಮುಟ್ಟಿದರೆ ತಾಯಿಗೂ ಮಗುವಿಗೂ ಅಪಾಯ. ಆಗ ನೋಡಬೇಕಾದ ಪ್ರಾಣಗಳು ಎರಡು. ಗರ್ಭದೊಳಗಿನ ಹೃದಯ ನಿಮಿಷಕ್ಕೆ 110ರಿಂದ 160 ಸಲ ಬಡಿಯುತ್ತಿದೆಯೇ ಎಂಬುದನ್ನೂ ದಾದಿ ಆಲಿಸುತ್ತಾಳೆ.

ನಡುವಯಸ್ಸಿನವರ ವಿಚಾರವನ್ನು ಬೇಗ ಮುಗಿಸುತ್ತೇನೆ. ಅವರು ತಾವಾಗಿ ಆಸ್ಪತ್ರೆಗೆ ಬರುವುದೇ ಅಪರೂಪ. 'ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೇನೆ' ಎನ್ನುವ ನಮ್ಮ ತಂದೆ, ಅಜ್ಜಿಯನ್ನು ನೋಡಲು ಬಂದಾಗ ಅಕ್ಕನ ಕೈಗೆ ಸಿಕ್ಕಿಬಿದ್ದರು. ಒತ್ತಡವನ್ನು ಅಳೆಯುವುದಕ್ಕೂ ಒಂದು ವ್ರತವಿದೆ. ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ, ಪಾದಗಳು ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ. ಅಳೆಯುವಾಗ ಮಾತಾಡಕೂಡದು. ಕೊನೆಯ ನಿಯಮ ನಮ್ಮ ತಂದೆಗೆ ಬಹಳ ಕಷ್ಟವಾಯಿತು! ಒತ್ತಡ ಹೆಚ್ಚೇ ಇತ್ತು. ನೋವಿಲ್ಲದೆ ವರ್ಷಗಟ್ಟಲೆ ಒಳಗೊಳಗೇ ಹೃದಯವನ್ನೂ ಮೂತ್ರಪಿಂಡವನ್ನೂ ಕೆಡಿಸುವ ರೋಗವದು; ಅಳೆದಲ್ಲದೆ ತಿಳಿಯದು. ಸೊಂಟದ ಸುತ್ತಳತೆಯೂ ಮುಖ್ಯ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಎಚ್ಚರಿಕೆಯ ಗೆರೆ. ಸಕ್ಕರೆ ಕಾಯಿಲೆಯವರ ಪಾದಗಳನ್ನು ಬೆರಳ ಸಂದುಗಳವರೆಗೂ ನೋಡಬೇಕು. ಸ್ಪರ್ಶ ಸತ್ತ ಪಾದಕ್ಕೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ.

ಕೊನೆಗೆ ಮುಪ್ಪು. ನನ್ನ ಲೇಖನದ ಜೀವಾಳ ಇಲ್ಲಿದೆ. ವೃದ್ಧರ ಪರೀಕ್ಷೆಯಲ್ಲಿ ದೊಡ್ಡ ಶತ್ರು 'ವಯಸ್ಸಾಯಿತಲ್ಲ' ಎಂಬ ಒಂದು ಮಾತು. ಮುಪ್ಪಿನಲ್ಲಿ ಸಹಜವಾದುವು ಕೆಲವುಂಟು. ಚರ್ಮ ಸಡಿಲುತ್ತದೆ. ಆದ್ದರಿಂದ ಮುಂಗೈ ಚರ್ಮವನ್ನು ಚಿವುಟಿ ನೀರಿನ ಕೊರತೆಯನ್ನು ತೂಗುವ ಉಪಾಯ ಇಲ್ಲಿ ಕೈಕೊಡುತ್ತದೆ. ಬಾಯಾರಿಕೆ ಕಡಿಮೆಯಾಗುತ್ತದೆ. ಆದ್ದರಿಂದ 'ನೀರು ಬೇಕೆ?' ಎಂದು ಕೇಳಿದರೆ ಸಾಲದು, ಎಷ್ಟು ಲೋಟ ಕುಡಿದರೆಂದು ಎಣಿಸಬೇಕು. ಕಿವಿ ಮೊದಲು ಕಳೆದುಕೊಳ್ಳುವುದು ಕೀಚಲು ದನಿಯನ್ನು. ಆದ್ದರಿಂದ ಕಿರುಚಿದರೆ ಪ್ರಯೋಜನವಿಲ್ಲ. ಮುಖಕ್ಕೆ ಎದುರಾಗಿ ಕುಳಿತು ತಗ್ಗಿದ ಸ್ಪಷ್ಟ ದನಿಯಲ್ಲಿ ನಿಧಾನವಾಗಿ ಮಾತಾಡಬೇಕು.

ಆದರೆ ಎರಡು ದಿನಗಳಲ್ಲಿ ಬುದ್ಧಿ ಕಲಕಿಹೋಗುವುದು ಮುಪ್ಪಿನ ಸಹಜ ಲಕ್ಷಣವಲ್ಲ. ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷಗಳ ಮೇಲೆ ಮೆಲ್ಲಗೆ ಬರುತ್ತದೆ. ಗಂಟೆಗಳಲ್ಲಿ, ದಿನಗಳಲ್ಲಿ ಬಂದು, ಬೆಳಿಗ್ಗೆ ಒಂದು ಥರ ಸಂಜೆ ಒಂದು ಥರ ಏರಿಳಿಯುವ ಭ್ರಮೆಯ ಹಿಂದೆ ಬೇರೇನೋ ಕಾರಣವಿರುತ್ತದೆ: ಶ್ವಾಸಕೋಶದ ಅಥವಾ ಮೂತ್ರದ ಸೋಂಕು, ನೀರಿನ ಕೊರತೆ, ಮಲಬದ್ಧತೆ, ಹೊಸದಾಗಿ ಕೊಟ್ಟ ಮಾತ್ರೆ. ಕಾರಣವನ್ನು ಕಂಡುಹಿಡಿದು ಚಿಕಿತ್ಸೆ ಮಾಡಿದರೆ ಬುದ್ಧಿ ಅನೇಕ ವೇಳೆ ಮರಳಿ ಬರುತ್ತದೆ. ಕುಸಿತವೂ ಹಾಗೆಯೇ. ಅದು ಕಾಲು ಜಾರಿದ್ದಕ್ಕಿಂತ ಹೆಚ್ಚಿನ ಸುದ್ದಿಯನ್ನು ಹೇಳುತ್ತಿರಬಹುದು. ಆದ್ದರಿಂದಲೇ ವೃದ್ಧರ ಒತ್ತಡವನ್ನು ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷಗಳೊಳಗೆ ಮತ್ತೊಮ್ಮೆ ಅಳೆಯುತ್ತಾರೆ. ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ತಲೆಸುತ್ತಿ ಬೀಳುವ ಭಯ. ಕುರ್ಚಿಯಿಂದ ಎದ್ದು ಮೂರು ಮೀಟರು ನಡೆದು, ತಿರುಗಿ ಬಂದು ಕೂರುವುದಕ್ಕೆ ಹಿಡಿಯುವ ಹೊತ್ತನ್ನು ಎಣಿಸುವುದು ಇನ್ನೊಂದು ಪರೀಕ್ಷೆ. 12 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹಿಡಿದರೆ ಬೀಳದಂತೆ ಎಚ್ಚರ ವಹಿಸಬೇಕು. ಮತ್ತೆ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ತರಹೇಳುತ್ತಾರೆ. ನಮ್ಮ ಅಜ್ಜಿಯ ಚೀಲದಲ್ಲಿ ಇಬ್ಬರು ಬೇರೆ ಬೇರೆ ವೈದ್ಯರು ಬೇರೆ ಬೇರೆ ಹೆಸರಿನಲ್ಲಿ ಬರೆದುಕೊಟ್ಟ ಒಂದೇ ಮಾತ್ರೆ ಸಿಕ್ಕಿತು!

ಇಷ್ಟೆಲ್ಲ ಕೇಳಿದ ಮೇಲೆ ಒಂದು ಸಂಜೆ ಅಕ್ಕನನ್ನು ಕೇಳಿದೆ: 'ಅಂಕಿಗಳ ಪಟ್ಟಿ ಬಾಯಿಪಾಠವಾದರೆ ಯಾರಾದರೂ ಇದನ್ನು ಮಾಡಬಹುದಲ್ಲವೆ?' ಅವಳು ನಕ್ಕು, 'ಪಟ್ಟಿಯಲ್ಲಿರುವುದು ಎಲ್ಲರ ಸಹಜ. ರೋಗಿಯ ಸಹಜ ಪಟ್ಟಿಯಲ್ಲಿಲ್ಲ, ಮನೆಯಲ್ಲಿದೆ. ಅಜ್ಜಿಯ ಉಸಿರನ್ನು ನಾನು ಎಣಿಸಿದೆ, ನಿಜ. ಆದರೆ ಶುಕ್ರವಾರದ ಅವರೆಕಾಯಿ ನನಗೆ ಹೇಗೆ ಗೊತ್ತಾಗಬೇಕು? ಅದನ್ನು ಹೇಳಿದವನು ನೀನು. ಶನಿವಾರದ್ದನ್ನು ಶನಿವಾರವೇ ಹೇಳಿದ್ದರೆ ಎರಡು ದಿನ ಉಳಿಯುತ್ತಿತ್ತು' ಎಂದಳು.

ಆ ಎರಡು ದಿನಗಳ ಲೆಕ್ಕವನ್ನು ನಾನು ಇನ್ನೂ ಮರೆತಿಲ್ಲ. ಅಜ್ಜಿ ಮನೆಗೆ ಬಂದಿದ್ದಾಳೆ. ನನ್ನ ಗುರುತು ಹಿಡಿಯುತ್ತಾಳೆ, ಅವರೆಕಾಯಿ ಮಾರುವವನೊಡನೆ ಜಗಳವನ್ನೂ ಆಡುತ್ತಾಳೆ. ಆದರೆ ಮೊದಲು ಬರಿಗೈಯಲ್ಲಿ ನಡೆಯುತ್ತಿದ್ದವಳು ಈಗ ಊರುಗೋಲಿಲ್ಲದೆ ಬಚ್ಚಲವರೆಗೂ ಹೋಗಲಾರಳು. ಎರಡು ದಿನ ಮೊದಲೇ ಚಿಕಿತ್ಸೆ ಸಿಕ್ಕಿದ್ದರೆ ಆ ಕೋಲು ಬೇಕಾಗುತ್ತಿರಲಿಲ್ಲವೋ ಏನೋ, ಯಾರು ಹೇಳಬಲ್ಲರು?

ನಮ್ಮಲ್ಲಿ ಬಹುಮಂದಿಯ ಮನೆಯಲ್ಲಿ ಒಬ್ಬ ಅಜ್ಜಿಯೋ ತಾತನೋ, ಇಲ್ಲವೆ ತೊಟ್ಟಿಲಲ್ಲೊಂದು ಕೂಸೋ ಇದ್ದೇ ಇದೆ. ಅವರ ಕಾಯಿಲೆಯ ಹೆಸರನ್ನು ಹೇಳುವುದು ನಮ್ಮ ಕೆಲಸವಲ್ಲ. ಅದಕ್ಕೆ ಕಲಿತವರಿದ್ದಾರೆ. ಆದರೆ ಅವರು ದಿನವೂ ಎಷ್ಟು ಉಣ್ಣುತ್ತಾರೆ, ಹೇಗೆ ನಡೆಯುತ್ತಾರೆ, ಯಾವ ಮಾತಿಗೆ ನಗುತ್ತಾರೆ ಎಂಬುದನ್ನು ಬಲ್ಲವರು ನಾವೇ. ಅದರಲ್ಲಿ ವ್ಯತ್ಯಾಸ ಕಂಡ ದಿನವೇ ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಕಲಾ ವಿಭಾಗವಾದರೇನು, ವಿಜ್ಞಾನ ವಿಭಾಗವಾದರೇನು? ಕೈಯಲ್ಲೊಂದು ಗಡಿಯಾರ, ಪೂರ್ಣ ಒಂದು ನಿಮಿಷದ ತಾಳ್ಮೆ, ಇಷ್ಟಿದ್ದರೆ ಸಾಕು. ನಾನು ಈಗ ಪ್ರತಿ ಶುಕ್ರವಾರ ಅಜ್ಜಿಯ ಬಳಿ ಕುಳಿತು ಅವಳ ಉಸಿರನ್ನು ಎಣಿಸುತ್ತೇನೆ. ಮೊಮ್ಮಗ ತನ್ನ ಮೇಲಿನ ಪ್ರೀತಿಯಿಂದ ಸುಮ್ಮನೆ ಬಂದು ಕೂರುತ್ತಾನೆಂದು ಅವಳು ತಿಳಿದುಕೊಂಡಿದ್ದಾಳೆ. ಅದೂ ಸುಳ್ಳಲ್ಲ.